ಒಂದೇ ನಕ್ಷತ್ರ, ಎರಡು ಅಗಲ: ವೆಬ್ ದೂರದರ್ಶಕದ ಅವಕೆಂಪು ಚಿತ್ರವನ್ನು ಕುರಿತು ರಾಯಚೂರಿನ ಒಂದು ಪ್ರಕರಣ ಅಧ್ಯಯನ

ಪ್ರಕರಣ

ರಾಯಚೂರಿನ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅಂತಿಮ ವರ್ಷದ ಮೂವರು ವಿದ್ಯಾರ್ಥಿಗಳು ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳಲ್ಲಿ ನಕ್ಷತ್ರಗಳ ಪ್ರಕಾಶವನ್ನು ಅಳೆಯುವ ಯೋಜನೆಯನ್ನು ಆಯ್ದುಕೊಂಡಿದ್ದರು. ಅವರಿಗೆ ಮಾರ್ಗದರ್ಶಕನಾಗಿದ್ದವನು ನಾನು. ಕಾಲೇಜಿನಲ್ಲಿ ಹೇಳಿಕೊಳ್ಳುವಂಥ ದೂರದರ್ಶಕವಿಲ್ಲ. ಆದರೆ ವೆಬ್ ಸೆರೆಹಿಡಿದ ಮಾಹಿತಿ, ವೀಕ್ಷಕರಿಗೆ ಮೀಸಲಾದ ಅವಧಿಯೇನಾದರೂ ಇದ್ದರೆ ಅದು ಮುಗಿದ ಮೇಲೆ, ಬಾಲ್ಟಿಮೋರಿನ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್ ನೋಡಿಕೊಳ್ಳುವ ಮಾಸ್ಟ್ ಸಂಗ್ರಹದಲ್ಲಿ ಯಾರಿಗೆ ಬೇಕಾದರೂ ಉಚಿತವಾಗಿ ದೊರೆಯುತ್ತದೆ. ಒಂದು ಸಾಧಾರಣ ಲ್ಯಾಪ್‌ಟಾಪ್ ಮತ್ತು ಡಿಎಸ್9 ಎಂಬ ಉಚಿತ ತಂತ್ರಾಂಶ ಇದ್ದರೆ ಕೆಲಸ ಶುರುಮಾಡಬಹುದು.

ಅವರು ಆರಿಸಿದ್ದು ಎಸ್‌ಎಂಎಸಿಎಸ್ ಜೆ0723.3-7327 ಎಂಬ ಗ್ಯಾಲಕ್ಸಿ ಗುಚ್ಛದ ಚಿತ್ರವನ್ನು. 2022ರ ಜುಲೈ 11ರಂದು ವೆಬ್‌ನ ಮೊದಲ ಪೂರ್ಣ ವರ್ಣಚಿತ್ರವಾಗಿ ಬಿಡುಗಡೆಯಾದದ್ದು ಇದೇ. ಆರು ಫಿಲ್ಟರುಗಳಲ್ಲಿ ಒಟ್ಟು ಹನ್ನೆರಡೂವರೆ ಗಂಟೆಗಳ ಕಾಲ ತೆಗೆದ ಚಿತ್ರವಿದು. ಹೆಸರಿನ ಕೊನೆಯ ಅಂಕಿಗಳೇ ಹೇಳುವಂತೆ ಅದು ಆಕಾಶದ ದಕ್ಷಿಣಾರ್ಧದಲ್ಲಿ 73 ಡಿಗ್ರಿ 27 ಮಿನಿಟಿನಷ್ಟು ಕೆಳಗಿದೆ. ಉತ್ತರ ಅಕ್ಷಾಂಶ 16 ಡಿಗ್ರಿ ಚಿಲ್ಲರೆಯಲ್ಲಿರುವ ರಾಯಚೂರಿನಿಂದ ನೋಡಿದರೆ ಆ ಜಾಗ ತನ್ನ ಗರಿಷ್ಠ ಎತ್ತರ ತಲುಪಿದಾಗಲೂ ದಿಗಂತದಿಂದ ಅರ್ಧ ಡಿಗ್ರಿ ಮೇಲೇಳುವುದಿಲ್ಲ. ಅಂದರೆ ನಮ್ಮ ಊರಿಂದ ಎಂದೂ ಕಾಣದ ಆಕಾಶವನ್ನು ನಮ್ಮ ಊರಲ್ಲೇ ಕೂತು ಅಳೆಯುವುದು ಈ ಯೋಜನೆಯ ಸ್ವಾರಸ್ಯವಾಗಿತ್ತು.

ಚಿತ್ರದ ಮುಖ್ಯ ವಿಷಯ ದೂರದ ಗ್ಯಾಲಕ್ಸಿಗಳಾದರೂ ಚೌಕಟ್ಟಿನ ತುಂಬ ನಮ್ಮದೇ ಕ್ಷೀರಪಥದ ನಕ್ಷತ್ರಗಳು ಅಡ್ಡ ಬಂದಿವೆ. ಅವುಗಳಲ್ಲಿ ತೀರಾ ಪ್ರಕಾಶವಲ್ಲದ ಒಂದನ್ನು ಹಿಡಿದು, ಎಫ್200ಡಬ್ಲ್ಯೂ ಮತ್ತು ಎಫ್444ಡಬ್ಲ್ಯೂ ಎಂಬ ಎರಡು ಫಿಲ್ಟರುಗಳಲ್ಲಿ ಅದರ ಅಗಲವನ್ನು, ಅಂದರೆ ಬೆಳಕಿನ ಶಿಖರದ ಅರ್ಧ ಎತ್ತರದಲ್ಲಿ ಚುಕ್ಕೆ ಎಷ್ಟು ಹರಡಿದೆ ಎಂಬುದನ್ನು, ವಿದ್ಯಾರ್ಥಿಗಳು ಅಳೆದರು. ಮೊದಲನೆಯದು ಸುಮಾರು 2 ಮೈಕ್ರಾನ್ ತರಂಗಾಂತರದ ಬೆಳಕಿನದು, ಎರಡನೆಯದು ಸುಮಾರು 4.4 ಮೈಕ್ರಾನಿನದು. (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು.) ಎರಡರಲ್ಲೂ ಅಗಲ ಎರಡು ಪಿಕ್ಸೆಲ್‌ಗಿಂತ ತುಸು ಹೆಚ್ಚು ಬಂತು. ಎರಡೂ ಒಂದೇ ಎಂದು ಬರೆದುಕೊಂಡರು. ಆಮೇಲೆ ಒಬ್ಬ ವಿದ್ಯಾರ್ಥಿನಿ ಗಮನಿಸಿದ್ದೆಂದರೆ, ಎರಡು ಫಿಲ್ಟರುಗಳ ಪಿಕ್ಸೆಲ್ ಒಂದೇ ಅಳತೆಯದಲ್ಲ: ಮೊದಲನೆಯದರಲ್ಲಿ ಒಂದು ಪಿಕ್ಸೆಲ್ ಆಕಾಶದ 0.031 ಆರ್ಕ್‌ಸೆಕೆಂಡನ್ನು ನೋಡಿದರೆ ಎರಡನೆಯದರಲ್ಲಿ 0.063 ಆರ್ಕ್‌ಸೆಕೆಂಡನ್ನು ನೋಡುತ್ತದೆ. (ಒಂದು ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡುಗಳು.) ಪರಿವರ್ತಿಸಿ ನೋಡಿದಾಗ ಚುಕ್ಕೆಯ ಅಗಲ ಒಂದರಲ್ಲಿ ಸುಮಾರು 0.07, ಇನ್ನೊಂದರಲ್ಲಿ ಸುಮಾರು 0.15 ಆರ್ಕ್‌ಸೆಕೆಂಡ್ ಆಯಿತು.

“ಸರ್, ಅದೇ ನಕ್ಷತ್ರ ಕೆಂಪು ಫಿಲ್ಟರ್‌ದಾಗ ಡಬಲ್ ದೊಡ್ಡದು ಕಾಣ್ಲಿಕತ್ತದ್ರೀ. ಸುತ್ತ ಧೂಳು ಇರಬೇಕಲ್ರೀ?” ಎಂಬುದು ಆಕೆಯ ಪ್ರಶ್ನೆ. ಪ್ರಕರಣ ಎಂದರೆ ಇದೇ.

ಊಹೆಯಲ್ಲಿದ್ದ ಬಲ, ಅದರಲ್ಲೇ ಇದ್ದ ಬಿರುಕು

ಊಹೆಯನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ. ನಕ್ಷತ್ರದ ಸುತ್ತಲಿನ ಧೂಳು ನಕ್ಷತ್ರಕ್ಕಿಂತ ಬಹಳ ತಣ್ಣಗಿರುವುದರಿಂದ ಉದ್ದ ತರಂಗಾಂತರಗಳಲ್ಲಿ ಹೆಚ್ಚು ಹೊಳೆಯುತ್ತದೆ. ಆದ್ದರಿಂದ ಧೂಳು ಹೊದ್ದ ನಕ್ಷತ್ರ 2 ಮೈಕ್ರಾನಿನಲ್ಲಿ ಚಿಕ್ಕದಾಗಿ, 4.4 ಮೈಕ್ರಾನಿನಲ್ಲಿ ದೊಡ್ಡದಾಗಿ ಕಾಣುವುದು ಸಾಧ್ಯವಿರುವ ಸಂಗತಿಯೇ. ಗಾತ್ರದ ಲೆಕ್ಕವೂ ಅದನ್ನು ತಕ್ಷಣ ಅಲ್ಲಗಳೆಯುವುದಿಲ್ಲ. ನಕ್ಷತ್ರ 1000 ಜ್ಯೋತಿರ್ವರ್ಷ ದೂರದಲ್ಲಿದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಭೂಮಿ ಮತ್ತು ಸೂರ್ಯರ ಅಂತರದ ನೂರು ಪಟ್ಟು ಅಗಲದ ಧೂಳಿನ ಹೊದಿಕೆ ಸುಮಾರು 0.33 ಆರ್ಕ್‌ಸೆಕೆಂಡಿನಷ್ಟು ಕಾಣಬೇಕು. ಅದನ್ನು ಈ ಕ್ಯಾಮೆರಾ ಬಿಡಿಸಿ ತೋರಿಸಬಲ್ಲದು. ನಕ್ಷತ್ರದ ಮೈಯ ಮಾತು ಬೇರೆ. ಸೂರ್ಯನಷ್ಟು ದೊಡ್ಡ ನಕ್ಷತ್ರ ಅದೇ ದೂರದಲ್ಲಿ ಒಂದು ಆರ್ಕ್‌ಸೆಕೆಂಡಿನ ಹತ್ತು ಲಕ್ಷದ ಸುಮಾರು 30 ಭಾಗದಷ್ಟು ಮಾತ್ರ ಅಗಲ, ಅಂದರೆ ಅಳೆದ ಚುಕ್ಕೆಯ ಎರಡು ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಸೂರ್ಯನ ನೂರು ಪಟ್ಟು ಅಗಲದ ಕೆಂಪು ದೈತ್ಯವಾದರೂ ಚುಕ್ಕೆಗಿಂತ ಇಪ್ಪತ್ತು ಪಟ್ಟು ಚಿಕ್ಕದು. ಹಾಗಾಗಿ ಚಿತ್ರದಲ್ಲಿ ಕಂಡ ಅಗಲ ನಕ್ಷತ್ರದ ಸ್ವಂತ ಅಗಲವಂತೂ ಅಲ್ಲ. ಅದು ಧೂಳಿನದೋ ಉಪಕರಣದ್ದೋ ಎಂಬುದಷ್ಟೇ ತೀರ್ಮಾನವಾಗಬೇಕಿತ್ತು.

ಬಿರುಕು ಕಂಡದ್ದು ಅವರದೇ ಪ್ರಕಾಶದ ಕೋಷ್ಟಕದಲ್ಲಿ. ಎರಡೂ ಚಿತ್ರಗಳಲ್ಲಿ ಆಕಾಶದ ಒಂದೇ ತುಂಡನ್ನು ಅಳೆಯಬೇಕೆಂಬ ನ್ಯಾಯವಾದ ಯೋಚನೆಯಿಂದ ಅವರು ಎರಡರಲ್ಲೂ 0.1 ಆರ್ಕ್‌ಸೆಕೆಂಡ್ ತ್ರಿಜ್ಯದ ವೃತ್ತ ಎಳೆದು, ಅದರೊಳಗಿನ ಬೆಳಕನ್ನು ಕೂಡಿದ್ದರು. ಹಾಗೆ ಕೂಡಿದಾಗ ನಕ್ಷತ್ರ 4.4 ಮೈಕ್ರಾನಿನಲ್ಲಿ ಸಾಮಾನ್ಯ ನಕ್ಷತ್ರದಿಂದ ನಿರೀಕ್ಷಿಸುವುದಕ್ಕಿಂತಲೂ ಮಸುಕಾಗಿತ್ತು. ಧೂಳು ಇದ್ದಿದ್ದರೆ ಅಲ್ಲಿ ಬೆಳಕು ಹೆಚ್ಚಬೇಕಿತ್ತೇ ಹೊರತು ಕಡಿಮೆಯಾಗಬಾರದು. ಅಗಲದ ಕಾಲಂ ಧೂಳಿದೆ ಎನ್ನುತ್ತಿತ್ತು, ಪ್ರಕಾಶದ ಕಾಲಂ ಇಲ್ಲ ಎನ್ನುತ್ತಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ಬೆಲೆಯುಳ್ಳ ಕ್ಷಣ ಇದೇ. ಎರಡರಲ್ಲಿ ಒಂದನ್ನು ಮೆಲ್ಲಗೆ ಬಿಟ್ಟು ವರದಿ ಬರೆಯುವುದು ಬಹಳ ಸುಲಭವಿತ್ತು.

ಪರೀಕ್ಷೆ

ಮಾಡಬೇಕಾದ ಪರೀಕ್ಷೆ ಸರಳವಾದದ್ದು: ಅದೇ ಚೌಕಟ್ಟಿನ ಬೇರೆ ನಕ್ಷತ್ರಗಳನ್ನೂ ಅಳೆಯುವುದು. ಅಗಲ ಹೆಚ್ಚಲು ಧೂಳು ಕಾರಣವಾಗಿದ್ದರೆ ಅದು ಒಂದಕ್ಕಿರಬೇಕು, ಇನ್ನೊಂದಕ್ಕಿರಬಾರದು. ಅಳೆದ ನಕ್ಷತ್ರಗಳೆಲ್ಲವೂ, ಮಸುಕಾದವೂ ಪ್ರಕಾಶವಾದವೂ, 4.4 ಮೈಕ್ರಾನಿನಲ್ಲಿ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಹಿಗ್ಗಿದ್ದವು. ಎಲ್ಲಾ ಪ್ರಕಾಶವಾದ ನಕ್ಷತ್ರಗಳ ಕಿರಣಗಳೂ ಒಂದೇ ದಿಕ್ಕಿಗೆ ಚಾಚಿದ್ದವು. ಬೇರೆ ಬೇರೆ ದೂರದಲ್ಲಿರುವ, ಪರಸ್ಪರ ಸಂಬಂಧವೇ ಇಲ್ಲದ ನಕ್ಷತ್ರಗಳಿಗೆಲ್ಲ ಒಂದೇ ಆಕಾರ ಬಂದಿದ್ದರೆ ಆ ಆಕಾರ ಬಂದದ್ದು ಅವುಗಳಿಂದಲ್ಲ, ನೋಡಿದ ಉಪಕರಣದಿಂದ. ಖಗೋಳ ವಿಜ್ಞಾನಿಗಳು ಈ ಆಕಾರವನ್ನು ಪಿಎಸ್‌ಎಫ್ ಎನ್ನುತ್ತಾರೆ: ಬಿಂದುವಿನಂಥ ಬೆಳಕನ್ನು ಉಪಕರಣ ಹೇಗೆ ಹರಡಿ ತೋರಿಸುತ್ತದೆ ಎಂಬುದರ ನಕ್ಷೆ ಅದು. ವೆಬ್ ಚಿತ್ರದಲ್ಲಿ ನಕ್ಷತ್ರವೆಂದು ನಾವು ನೋಡುವ ರೂಪವೆಲ್ಲ ದೂರದರ್ಶಕದ್ದು. ಬೆಳಕು ಎಲ್ಲಿಂದ ಬಂತು, ಎಷ್ಟು ಬಂತು ಎಂಬ ಎರಡು ಸಂಗತಿಗಳು ಮಾತ್ರ ನಕ್ಷತ್ರದವು.

ಹಿಗ್ಗುವಿಕೆಯ ಕಾರಣ ಪಠ್ಯಪುಸ್ತಕದಲ್ಲೇ ಇತ್ತು. ಕನ್ನಡಿಯ ಅಂಚಿನಿಂದಾಗಿ ಬೆಳಕಿನ ಅಲೆಗಳು ವಿವರ್ತನೆಗೊಂಡು ಹರಡುತ್ತವೆ. ಆ ಹರವು ತರಂಗಾಂತರವನ್ನು ಕನ್ನಡಿಯ ವ್ಯಾಸದಿಂದ ಭಾಗಿಸಿದಷ್ಟಿರುತ್ತದೆ. ವೆಬ್‌ನ ಮುಖ್ಯ ಕನ್ನಡಿಯ ವ್ಯಾಸ ಸುಮಾರು 6.5 ಮೀಟರ್. 2 ಮೈಕ್ರಾನಿಗೆ ಭಾಗಲಬ್ಧ 0.063 ಆರ್ಕ್‌ಸೆಕೆಂಡ್, 4.44 ಮೈಕ್ರಾನಿಗೆ 0.141. ಪ್ರಕಟವಾಗಿರುವ ಉಪಕರಣದ ಅಂಕಿಗಳಲ್ಲಿ ಈ ಎರಡು ಫಿಲ್ಟರುಗಳ ಚುಕ್ಕೆಯ ಅಗಲ ಕ್ರಮವಾಗಿ ಸುಮಾರು 0.066 ಮತ್ತು 0.145 ಆರ್ಕ್‌ಸೆಕೆಂಡ್. ವಿದ್ಯಾರ್ಥಿಗಳ ಅಳತೆ ಇವಕ್ಕೆ ಚೆನ್ನಾಗಿ ಹೊಂದಿತ್ತು. ಅಳತೆ ಸರಿಯಿತ್ತು, ಅರ್ಥ ಮಾತ್ರ ಬೇರೆಯಿತ್ತು.

ಸೂತ್ರವನ್ನು ಒಪ್ಪುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ಶಕ್ತಿನಗರದ ರಸ್ತೆಯ ದೂರದ ಬೀದಿದೀಪವೊಂದನ್ನು ತೆಳುವಾದ, ಒತ್ತಾಗಿ ನೇಯ್ದ ವಾಯಿಲ್ ಬಟ್ಟೆಯ ಮೂಲಕ ನೋಡಲು ಅವರಿಗೆ ಹೇಳಿದೆ. ದೀಪದಿಂದ ನಾಲ್ಕು ದಿಕ್ಕಿಗೆ ಬಣ್ಣದ ಚುಕ್ಕೆಗಳ ಸಾಲು ಹೊರಡುತ್ತದೆ; ಬಟ್ಟೆ ತಿರುಗಿಸಿದರೆ ಆ ಸಾಲುಗಳೂ ತಿರುಗುತ್ತವೆ, ದೀಪ ಅಲ್ಲಾಡುವುದಿಲ್ಲ. ಗಮನವಿಟ್ಟು ನೋಡಿದವರಿಗೆ ಪ್ರತಿ ಚುಕ್ಕೆಯಲ್ಲೂ ಕೆಂಪು ಹೊರಗಡೆ, ನೀಲಿ ಒಳಗಡೆ ಇರುವುದು ಕಾಣುತ್ತದೆ. ಉದ್ದ ಅಲೆ ಹೆಚ್ಚು ಹರಡುತ್ತದೆ ಎಂಬ ಮಾತಿಗೆ ಇದಕ್ಕಿಂತ ಅಗ್ಗದ ಸಾಕ್ಷ್ಯ ನನಗೆ ಗೊತ್ತಿಲ್ಲ.

ವೆಬ್‌ನ ನಕ್ಷತ್ರಗಳಿಗೆ ಎಂಟು ಕಿರಣಗಳಿರುವುದೂ ಇದೇ ಕಾರಣದಿಂದ. ಕನ್ನಡಿ 18 ಷಟ್ಕೋನಗಳಿಂದ ಕೂಡಿದ್ದು; ಅಂಚುಗಳು ಮೂರು ದಿಕ್ಕಿನವು. ಪ್ರತಿ ಅಂಚು ತನಗೆ ಲಂಬವಾಗಿ ಎರಡು ಬದಿಗೆ ಬೆಳಕನ್ನು ಚಾಚುವುದರಿಂದ ಆರು ದೊಡ್ಡ ಕಿರಣಗಳು ಮೂಡುತ್ತವೆ. ಎದುರಿನ ಕಿರುಗನ್ನಡಿಯನ್ನು ಹೊತ್ತ ಮೂರು ತೋಳುಗಳೂ ಕಿರಣಗಳನ್ನು ಉಂಟುಮಾಡುತ್ತವೆ. ಆದರೆ ಎರಡು ತೋಳುಗಳ ಕೋನವನ್ನು ಅವುಗಳ ಕಿರಣ ಕನ್ನಡಿಯ ಕಿರಣದ ಮೇಲೆಯೇ ಬೀಳುವಂತೆ ಇಟ್ಟಿದ್ದಾರೆ. ಮೂರನೆಯ, ನೆಟ್ಟಗೆ ನಿಂತ ತೋಳಿನಿಂದ ಮಾತ್ರ ಎರಡು ಸಣ್ಣ ಅಡ್ಡ ಕಿರಣಗಳು ಉಳಿಯುತ್ತವೆ. ಹಬಲ್‌ನ ನಕ್ಷತ್ರಗಳಿಗೆ ನಾಲ್ಕೇ ಕಿರಣ, ಏಕೆಂದರೆ ಅದರ ಕನ್ನಡಿ ದುಂಡು, ತೋಳುಗಳು ಕೂಡುಚಿಹ್ನೆಯ ಆಕಾರದವು. ಪತ್ರಿಕೆಗಳಲ್ಲಿ ಬರುವ ಚಿತ್ರ ಯಾವ ದೂರದರ್ಶಕದ್ದೆಂದು ಶೀರ್ಷಿಕೆ ಓದದೆಯೇ ಹೇಳಬಹುದು.

ಒಂದು ನಕ್ಷತ್ರ ಹದಿನೆಂಟಾಗಿದ್ದಾಗ

ಚುಕ್ಕೆ ಉಪಕರಣದ್ದು ಎಂಬ ಮಾತು ಅತಿಶಯವೆನಿಸುವವರಿಗೆ 2022ರ ಆರಂಭದ ತಿಂಗಳುಗಳ ಕೆಲಸವನ್ನು ತೋರಿಸಬೇಕು. 2021ರ ಡಿಸೆಂಬರ್ 25ರಂದು ಹಾರಿದ ದೂರದರ್ಶಕ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಕಕ್ಷೆಗೆ ತಲುಪಿದ ಮೇಲೆ ಮೊದಲು ನೋಡಿದ್ದು ಸಪ್ತರ್ಷಿ ಮಂಡಲದ ಕಡೆಯ ಎಚ್‌ಡಿ 84406 ಎಂಬ ನಕ್ಷತ್ರವನ್ನು. ಇದು ರಾಯಚೂರಿನ ಆಕಾಶಕ್ಕೆ ಬರುವ ನಕ್ಷತ್ರವೇ; ಬರಿಗಣ್ಣಿನ ಮಿತಿಗಿಂತ ತುಸು ಮಸುಕಾದ್ದರಿಂದ ಬೈನಾಕ್ಯುಲರ್ ಬೇಕು. 2022ರ ಫೆಬ್ರವರಿ 11ರಂದು ಪ್ರಕಟವಾದ ಚಿತ್ರದಲ್ಲಿ ಆ ಒಂದೇ ನಕ್ಷತ್ರ 18 ಮಸುಕು ಚುಕ್ಕೆಗಳಾಗಿ ಚದುರಿತ್ತು. ಪ್ರತಿ ಷಟ್ಕೋನವೂ ತನ್ನದೇ ದಿಕ್ಕಿಗೆ ಮುಖ ಮಾಡಿ ತನ್ನದೇ ಪ್ರತಿಬಿಂಬ ಮೂಡಿಸಿದ್ದೇ ಇದಕ್ಕೆ ಕಾರಣ. ಚುಕ್ಕೆಗಳನ್ನು ಹುಡುಕಲು ದೂರದರ್ಶಕವನ್ನು 156 ದಿಕ್ಕುಗಳಿಗೆ ತಿರುಗಿಸಿ, ಕ್ಯಾಮೆರಾದ ಹತ್ತು ಸಂವೇದಕಗಳಿಂದ 1560 ಚಿತ್ರಗಳನ್ನು ತೆಗೆಯಬೇಕಾಯಿತು.

ಮುಂದಿನ ಎರಡು ಹಂತಗಳ ನಡುವಿನ ವ್ಯತ್ಯಾಸ ಈ ಪ್ರಕರಣಕ್ಕೆ ನೇರವಾಗಿ ಸಂಬಂಧಿಸಿದ್ದು, ಆದರೂ ಜನಪ್ರಿಯ ಬರಹಗಳಲ್ಲಿ ಬಹುಮಟ್ಟಿಗೆ ಬಿಟ್ಟುಹೋಗುವಂಥದು. ಹದಿನೆಂಟು ಚುಕ್ಕೆಗಳನ್ನೂ ತಂದು ಒಂದರ ಮೇಲೊಂದು ಇಟ್ಟರೆ ಬೆಳಕು ಕೂಡುತ್ತದೆ, ಹರಿತ ಕೂಡುವುದಿಲ್ಲ: ಒಂದೊಂದು ಷಟ್ಕೋನದ ಅಗಲ 1.32 ಮೀಟರ್ ಆದ್ದರಿಂದ, ಒಟ್ಟು ಚುಕ್ಕೆ ಪ್ರಕಾಶವಾದರೂ ಅಷ್ಟು ಚಿಕ್ಕ ಕನ್ನಡಿಯ ಚುಕ್ಕೆಯಷ್ಟೇ ದಪ್ಪಗಿರುತ್ತದೆ. ಹದಿನೆಂಟರಿಂದಲೂ ಬರುವ ಅಲೆಗಳು ಏರಿಗೆ ಏರು, ಇಳಿತಕ್ಕೆ ಇಳಿತ ಸೇರುವಂತೆ ತುಂಡುಗಳ ಎತ್ತರವನ್ನು ತರಂಗಾಂತರದ ಸಣ್ಣ ಭಾಗದಷ್ಟು ನಿಖರವಾಗಿ ಹೊಂದಿಸಿದಾಗ ಮಾತ್ರ ಅವು 6.5 ಮೀಟರಿನ ಒಂದೇ ಕನ್ನಡಿಯಾಗಿ ವರ್ತಿಸಿ, ಚುಕ್ಕೆ ಸುಮಾರು ಐದು ಪಟ್ಟು ಕಿರಿದಾಗುತ್ತದೆ. ಇದಕ್ಕಾಗಿ ಪ್ರತಿ ತುಂಡಿನ ಹಿಂದೆ ಏಳು ಚಾಲಕಗಳಿವೆ, ಏಳನೆಯದು ತುಂಡಿನ ವಕ್ರತೆಯನ್ನು ತಿದ್ದಲು. ಅವುಗಳ ಹೆಜ್ಜೆ ನ್ಯಾನೋಮೀಟರುಗಳಲ್ಲಿ ಎಣಿಸುವಂಥದು. ಮಾರ್ಚ್ 16ರಂದು ಹರಿತವಾದ ಮೊದಲ ನಕ್ಷತ್ರದ ಚಿತ್ರ ಪ್ರಕಟವಾಯಿತು, ಏಪ್ರಿಲ್ 28ರಂದು ಎಲ್ಲಾ ಉಪಕರಣಗಳಿಗೂ ಕನ್ನಡಿ ಹೊಂದಿಕೊಂಡಿದೆಯೆಂದು ಘೋಷಣೆಯಾಯಿತು. ಅಷ್ಟು ಕಾಲದಲ್ಲಿ ಆಕಾಶದಲ್ಲಿ ಏನೂ ಬದಲಾಗಿರಲಿಲ್ಲ.

ಆ ಕನ್ನಡಿಗಳ ಮೇಲಿನ ಚಿನ್ನದ ಲೇಪ ಒಟ್ಟು 48 ಗ್ರಾಂ ಚಿಲ್ಲರೆ, ನಾಲ್ಕು ತೊಲೆಗಿಂತ ಸ್ವಲ್ಪ ಹೆಚ್ಚು. ಹಟ್ಟಿ ಗಣಿಯ ಜಿಲ್ಲೆಯವರಿಗೆ ಇದೊಂದು ನಿರಾಸೆಯ ಅಂಕಿ. ಚಿನ್ನ ಅವಕೆಂಪನ್ನು ಬಹಳ ಚೆನ್ನಾಗಿ ಪ್ರತಿಫಲಿಸುತ್ತದೆ, ನೀಲಿಯನ್ನು ನುಂಗುತ್ತದೆ. ವೆಬ್‌ನ ನೋಟ 0.6 ಮೈಕ್ರಾನಿನಿಂದ ಶುರುವಾಗಲು ಇದೂ ಒಂದು ಕಾರಣ.

ಕ್ಯಾಮೆರಾದೊಳಗೆ

ಈ ಚಿತ್ರಗಳನ್ನು ತೆಗೆದ ನಿರ್‌ಕ್ಯಾಮ್ ಎಂಬ ಕ್ಯಾಮೆರಾವನ್ನು ಅರಿಜೋನಾ ವಿಶ್ವವಿದ್ಯಾಲಯದ ಮಾರ್ಸಿಯಾ ರೀಕಿ ಅವರ ನೇತೃತ್ವದ ತಂಡ ರೂಪಿಸಿತು. ಒಳಬಂದ ಬೆಳಕನ್ನು ಅದು ಎರಡು ಪಾಲು ಮಾಡುತ್ತದೆ. 0.6ರಿಂದ 2.3 ಮೈಕ್ರಾನಿನವರೆಗಿನದು ಎಂಟು ಸಂವೇದಕಗಳಿಗೆ, 2.4ರಿಂದ 5 ಮೈಕ್ರಾನಿನವರೆಗಿನದು ಎರಡಕ್ಕೆ ಹೋಗುತ್ತದೆ. ಒಂದೇ ಹೊತ್ತಿಗೆ ಎರಡು ಫಿಲ್ಟರಿನ ಚಿತ್ರಗಳು ಸಿಗುತ್ತವೆ. ಉದ್ದ ತರಂಗಗಳ ಕಡೆ ಪಿಕ್ಸೆಲ್ ಎರಡು ಪಟ್ಟು ಅಗಲವಿರುವುದು ಚುಕ್ಕೆಯೂ ಅಲ್ಲಿ ಎರಡು ಪಟ್ಟು ಅಗಲವಾಗುವುದರಿಂದಲೇ. ಮೊದಲ ಕೋಷ್ಟಕದಲ್ಲಿ ಎರಡೂ ಅಗಲ ಒಂದೇ ಎಂದು ಬಂದದ್ದು ಕಾಕತಾಳೀಯವಲ್ಲ, ವಿನ್ಯಾಸಕಾರರು ಹಾಗೆ ಬೇಕೆಂದೇ ಮಾಡಿದ್ದು.

ಫೋನಿನ ಕ್ಯಾಮೆರಾ ಸಿಲಿಕಾನಿನದು. ಟಿವಿ ರಿಮೋಟಿನ ತುದಿಯ ಬೆಳಕು ಅನೇಕ ಫೋನುಗಳ ಕ್ಯಾಮೆರಾದಲ್ಲಿ ಕಾಣುತ್ತದೆ, ಅದರ ತರಂಗಾಂತರ ಸಾಮಾನ್ಯವಾಗಿ 0.94 ಮೈಕ್ರಾನ್, 1.1 ಮೈಕ್ರಾನ್ ದಾಟಿದರೆ ಫೋಟಾನಿನ ಶಕ್ತಿ ಸಿಲಿಕಾನಿನಲ್ಲಿ ಇಲೆಕ್ಟ್ರಾನನ್ನು ಎಬ್ಬಿಸಲು ಸಾಲದು. ನಿರ್‌ಕ್ಯಾಮ್ ಪಾದರಸ, ಕ್ಯಾಡ್ಮಿಯಂ ಮತ್ತು ಟೆಲ್ಯೂರಿಯಂ ಸೇರಿದ ಸಂಯುಕ್ತವನ್ನು ಬಳಸುತ್ತದೆ. ಪಾದರಸದ ಪಾಲು ಹೆಚ್ಚಿಸಿದಷ್ಟೂ ಇನ್ನಷ್ಟು ದುರ್ಬಲ ಫೋಟಾನುಗಳಿಗೂ ಅದು ಸ್ಪಂದಿಸುತ್ತದೆ. ಅದರ ಬೆಲೆಯೆಂದರೆ, ಅಷ್ಟು ಸುಲಭವಾಗಿ ಏಳುವ ಇಲೆಕ್ಟ್ರಾನು ಬರೀ ಶಾಖಕ್ಕೂ ಏಳುತ್ತದೆ. ಆದ್ದರಿಂದ ಐದು ಪದರದ ಬಿಸಿಲುಪರದೆಯ ನೆರಳಲ್ಲಿ ಸಂವೇದಕಗಳನ್ನು ಸುಮಾರು 40 ಕೆಲ್ವಿನ್‌ಗೆ, ಅಂದರೆ ಶೂನ್ಯಕ್ಕಿಂತ 230 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ, ತಣಿಸಿ ಇಟ್ಟಿದ್ದಾರೆ. ರಾಯಚೂರಿನ ಮೇ ತಿಂಗಳಲ್ಲಿ 40 ಡಿಗ್ರಿ ಬಿಸಿಯಾದ ಗೋಡೆ 9 ಮೈಕ್ರಾನಿನ ಆಸುಪಾಸಿನಲ್ಲಿ ಅತಿ ಹೆಚ್ಚು ಹೊಳೆಯುತ್ತದೆ, 4.4 ಮೈಕ್ರಾನಿನಲ್ಲೂ ಸಾಕಷ್ಟು ಹೊಳೆಯುತ್ತದೆ. ಅಂಥ ಬಿಸಿಯ ದೂರದರ್ಶಕದಲ್ಲಿ ಈ ಮಸುಕು ನಕ್ಷತ್ರ ಕನ್ನಡಿಯದೇ ಹೊಳಪಿನಲ್ಲಿ ಮುಳುಗಿಹೋಗುತ್ತಿತ್ತು.

ಚಿತ್ರದ ನಡುಭಾಗದ ದೊಡ್ಡ ನಕ್ಷತ್ರವನ್ನು ವಿದ್ಯಾರ್ಥಿಗಳು ಅಳೆಯಲಿಲ್ಲ; ಪ್ರಕಾಶವಾದ ನಕ್ಷತ್ರಗಳ ನಟ್ಟನಡುವೆ ಮೂಲ ಕಡತಗಳಲ್ಲಿ ಅಂಕಿಯೇ ಇಲ್ಲದ ಕಪ್ಪು ಕಲೆಗಳಿರುವುದುಂಟು. ಇದು ಓದುವ ಕ್ರಮದ ಫಲ. ಈ ಸಂವೇದಕ ಚಿತ್ರವನ್ನು ಕೊನೆಗೊಮ್ಮೆ ಓದುವುದಿಲ್ಲ. ಸಂಗ್ರಹವಾಗುತ್ತಿರುವ ಇಲೆಕ್ಟ್ರಾನುಗಳನ್ನು ಅಳಿಸದೆ ಮತ್ತೆ ಮತ್ತೆ ಎಣಿಸುತ್ತಾ ಹೋಗುತ್ತದೆ, ಎಣಿಕೆ ಏರುವ ವೇಗವೇ ಆ ಪಿಕ್ಸೆಲಿನ ಪ್ರಕಾಶ. ನಡುವೆ ಎಣಿಕೆ ಥಟ್ಟನೆ ಜಿಗಿದರೆ ಅದು ಕಾಸ್ಮಿಕ್ ಕಿರಣವೆಂದು ಗುರುತಿಸಿ ಬಿಡಬಹುದು. ಆದರೆ ಒಂದು ಪಿಕ್ಸೆಲ್ ಸುಮಾರು 80 ಸಾವಿರದಿಂದ ಒಂದು ಲಕ್ಷ ಇಲೆಕ್ಟ್ರಾನುಗಳಿಗೇ ತುಂಬಿಹೋಗುತ್ತದೆ. ಮೊದಲ ಎಣಿಕೆಗೂ ಮುನ್ನವೇ ತುಂಬಿದರೆ ಏರುವ ವೇಗವನ್ನು ತಿಳಿಯುವ ದಾರಿಯಿಲ್ಲ, ತಂತ್ರಾಂಶ ಆ ಪಿಕ್ಸೆಲನ್ನು ಖಾಲಿ ಬಿಡುತ್ತದೆ. ಕಪ್ಪಾಗಿ ಕಾಣುವ ಆ ಜಾಗವೇ ಚಿತ್ರದಲ್ಲಿ ಅತಿ ಹೆಚ್ಚು ಬೆಳಕು ಬಿದ್ದ ಜಾಗ.

ತಿದ್ದುಪಡಿ

ಉಳಿದದ್ದು ಪ್ರಕಾಶದ ಕೋಷ್ಟಕ. ಅಡೆತಡೆಯಿಲ್ಲದ ದುಂಡು ಕನ್ನಡಿ ಎಂದು ಸರಳಗೊಳಿಸಿ ಲೆಕ್ಕ ಹಾಕಿದರೂ, 0.1 ಆರ್ಕ್‌ಸೆಕೆಂಡ್ ತ್ರಿಜ್ಯದ ವೃತ್ತದೊಳಗೆ 2 ಮೈಕ್ರಾನಿನ ಚುಕ್ಕೆಯ ಶೇ. 86ರಷ್ಟು ಬೆಳಕು ಸೇರಿದರೆ 4.44 ಮೈಕ್ರಾನಿನ ಚುಕ್ಕೆಯ ಶೇ. 69ರಷ್ಟು ಮಾತ್ರ ಸೇರುತ್ತದೆ. ಈ ವ್ಯತ್ಯಾಸವೊಂದೇ ನಕ್ಷತ್ರವನ್ನು ಸುಮಾರು ಕಾಲು ಕಾಂತಿಮಾನದಷ್ಟು (ಕಾಂತಿಮಾನವೆಂದರೆ ನಕ್ಷತ್ರದ ಪ್ರಕಾಶವನ್ನು ಹೇಳುವ ಅಳತೆ) ಮಸುಕು ಮಾಡಿಬಿಡುತ್ತದೆ. ವೆಬ್‌ನ ನಿಜವಾದ ಚುಕ್ಕೆಯಲ್ಲಿ ಕಿರಣಗಳಿಗೂ ಸುತ್ತಲ ಉಂಗುರಗಳಿಗೂ ಇನ್ನಷ್ಟು ಬೆಳಕು ಹೋಗುವುದರಿಂದ, ಪ್ರತಿ ಫಿಲ್ಟರಿಗೂ ಪ್ರಕಟವಾಗಿರುವ ತಿದ್ದುಪಡಿ ಕೋಷ್ಟಕವನ್ನೇ ಬಳಸಬೇಕು. ಬಳಸಿದ ಮೇಲೆ ಅವರ ನಕ್ಷತ್ರದ ಕೊರತೆ ಮಾಯವಾಯಿತು. ಅಗಲವೂ ಮಸುಕೂ ಒಂದೇ ಕಾರಣದ ಎರಡು ಮುಖಗಳು: ಬೆಳಕು ವೃತ್ತದಾಚೆ ಹರಡಿತ್ತು, ಕಳೆದುಹೋಗಿರಲಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ಬರಬಹುದಾಗಿದ್ದ ಒಂದು ಪ್ರಶ್ನೆಯನ್ನೂ ಆಗಲೇ ಚರ್ಚಿಸಿದೆವು: ಉಪಕರಣವೇ ಕಿರಣಗಳನ್ನು ಮೂಡಿಸುವುದಾದರೆ ಗ್ಯಾಲಕ್ಸಿಗಳಿಗೇಕೆ ಅವು ಇಲ್ಲ? ಇವೆ. ಗ್ಯಾಲಕ್ಸಿಯ ಬೆಳಕು ಅನೇಕ ಪಿಕ್ಸೆಲುಗಳಿಗೆ ಹಂಚಿರುವುದರಿಂದ ಪ್ರತಿ ಬಿಂದುವಿನ ಕಿರಣವೂ ಕಾಣದಷ್ಟು ಕ್ಷೀಣವಾಗಿ, ಒಂದರೊಳಗೊಂದು ಕಲಸಿಹೋಗುತ್ತದೆ. ನಡುವೆ ಬೆಳಕು ಒಂದೇ ಬಿಂದುವಿಗೆ ಒತ್ತಿಬಂದಿದ್ದರೆ ಗ್ಯಾಲಕ್ಸಿಯೂ ಕಿರಣ ಬಿಡುತ್ತದೆ. ಎನ್‌ಜಿಸಿ 7469 ಎಂಬ ಸುರುಳಿ ಗ್ಯಾಲಕ್ಸಿಯ ವೆಬ್ ಚಿತ್ರದಲ್ಲಿ ಕೇಂದ್ರದ ಕಪ್ಪುಕುಳಿಯ ಸುತ್ತಲಿನ ಹೊಳಪು ನಮ್ಮ ಪಕ್ಕದ ನಕ್ಷತ್ರವೇನೋ ಎಂಬಷ್ಟು ದೊಡ್ಡ ಕಿರಣಗಳನ್ನು ಚಾಚಿದೆ.

ಎಫ್090ಡಬ್ಲ್ಯೂ ಫಿಲ್ಟರಿನಲ್ಲಿ ಮಾತ್ರ ಈ ಕ್ರಮ ಸಲೀಸಾಗಿ ನಡೆಯಲಿಲ್ಲ. 0.9 ಮೈಕ್ರಾನಿನಲ್ಲಿ ಚುಕ್ಕೆಯ ಅಗಲ ಸುಮಾರು 0.033 ಆರ್ಕ್‌ಸೆಕೆಂಡ್, ಅಂದರೆ ಹೆಚ್ಚುಕಡಿಮೆ ಒಂದೇ ಪಿಕ್ಸೆಲ್. ನಕ್ಷತ್ರ ಪಿಕ್ಸೆಲಿನ ನಡುವೆ ಬಿದ್ದರೆ ಒಂದು ಆಕಾರ, ನಾಲ್ಕು ಪಿಕ್ಸೆಲುಗಳು ಕೂಡುವ ಮೂಲೆಯಲ್ಲಿ ಬಿದ್ದರೆ ಇನ್ನೊಂದು. ವೀಕ್ಷಣೆಯ ಹೊತ್ತಿಗೆ ದೂರದರ್ಶಕವನ್ನು ಪಿಕ್ಸೆಲಿಗಿಂತ ಸಣ್ಣ ಹೆಜ್ಜೆಗಳಲ್ಲಿ ಸರಿಸಿ ತೆಗೆದ ಚಿತ್ರಗಳನ್ನು ಸೇರಿಸಿ ಈ ತೊಡಕನ್ನು ತಗ್ಗಿಸುತ್ತಾರೆ. ಆದರೂ ಸೇರಿಸಿದ ಚಿತ್ರದಲ್ಲಿ ಚುಕ್ಕೆ ಸಿದ್ಧಾಂತ ಹೇಳುವುದಕ್ಕಿಂತ ದಪ್ಪಗೇ ಉಳಿಯುತ್ತದೆ, ಮತ್ತು ಆ ಹೆಚ್ಚುವರಿ ದಪ್ಪ ಪಿಕ್ಸೆಲಿನದು. ವಿದ್ಯಾರ್ಥಿಗಳು ಆ ಫಿಲ್ಟರಿನ ಅಗಲಗಳನ್ನು ವರದಿಯಿಂದ ಕೈಬಿಟ್ಟು, ಪ್ರಕಾಶವನ್ನು ಮಾತ್ರ ಉಳಿಸಿಕೊಂಡರು. ಉಳಿದ ಫಿಲ್ಟರುಗಳ ಕೋಷ್ಟಕದಲ್ಲಿ “ನಕ್ಷತ್ರದ ಅಗಲ” ಎಂಬ ತಲೆಬರಹ ಹೊಡೆದುಹಾಕಿ, ಅಳೆದ ಅಗಲವನ್ನು ಅದೇ ಫಿಲ್ಟರಿನ ಪಿಎಸ್‌ಎಫ್ ಅಗಲದಿಂದ ಭಾಗಿಸಿ ಬರೆದರು. ಧೂಳಿನ ಊಹೆಗೆ ಕಾರಣವಾದ ನಕ್ಷತ್ರದ ಸಾಲಿನಲ್ಲಿ ಎರಡೂ ಫಿಲ್ಟರಿನ ಉತ್ತರ ಒಂದರ ಆಸುಪಾಸಿನಲ್ಲೇ ಇತ್ತು. ಅದೇ ಕೋಷ್ಟಕಕ್ಕೆ ನಕ್ಷತ್ರವೆಂದು ಸೇರಿಸಿಕೊಂಡಿದ್ದ ಒಂದು ಮಸುಕು ಚುಕ್ಕೆಯ ಭಾಗಲಬ್ಧ ಮಾತ್ರ ಎರಡೂ ಫಿಲ್ಟರಿನಲ್ಲಿ ಒಂದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಬಂದದ್ದರಿಂದ, ಅದನ್ನು ಗ್ಯಾಲಕ್ಸಿಗಳ ಪಟ್ಟಿಗೆ ವರ್ಗಾಯಿಸಲಾಯಿತು.